ಎದೆ ತೆರೆಯುವ ಮೊದಲು, ಎದೆ ಮುಚ್ಚಿದ ಮೇಲೆ

ನಮ್ಮ ಕಡೆ ಯಾರಿಗಾದರೂ ಹಾರ್ಟ್ ಆಪರೇಷನ್ ಆಗಬೇಕು ಅಂತ ಸುದ್ದಿ ಬಂದರೆ ಮೊದಲು ಏಳುವ ಪ್ರಶ್ನೆಗಳು ಮೂರು. ಯಾವ ಆಸ್ಪತ್ರೆ? ಯಾವ ಡಾಕ್ಟರು? ಎಷ್ಟು ಲಕ್ಷ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಆಪರೇಷನ್ ಅಂದರೆ ಥಿಯೇಟರಿನ ಒಳಗಿನ ನಾಲ್ಕೈದು ಗಂಟೆಯ ಕೆಲಸ, ಅದು ಡಾಕ್ಟರರದ್ದು. ನಮ್ಮದು ಹೊರಗೆ ಬೆಂಚಿನಲ್ಲಿ ಕೂತು ದೇವರಿಗೆ ಹರಕೆ ಹೇಳುವುದು, ಆಮೇಲೆ ಮನೆಗೆ ಕರೆತಂದು ಒಳಗಿನ ಕೋಣೆಯಲ್ಲಿ ಮಲಗಿಸುವುದು. ಹೀಗೊಂದು ತಿಳುವಳಿಕೆ ನಮ್ಮಲ್ಲಿ ಉಂಟು.

ಹೃದಯ ಶಸ್ತ್ರಚಿಕಿತ್ಸೆಯ ಚರಿತ್ರೆ ಓದಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಕತ್ತರಿ ಹಿಡಿಯುವ ವಿದ್ಯೆ ಬೆಳೆದ ಮೇಲೂ ರೋಗಿಗಳು ಸಾಯುತ್ತಲೇ ಇದ್ದರು. ಕೆಲವರು ಥಿಯೇಟರಿನಲ್ಲಿ, ಇನ್ನು ಕೆಲವರು ಆಪರೇಷನ್ ಚೆನ್ನಾಗಿ ಆಗಿ ವಾರ ಹತ್ತು ದಿನ ಕಳೆದ ಮೇಲೆ. ಮೊದಲು ಏನು ಸಿದ್ಧತೆ ಬೇಕು, ಆಮೇಲೆ ಏನು ಆರೈಕೆ ಬೇಕು ಎಂಬುದನ್ನು ವೈದ್ಯರು ಒಂದೊಂದೇ ಪಾಠವಾಗಿ ಕಲಿತರು. ಆ ಪಾಠಗಳಲ್ಲಿ ಅರ್ಧಕ್ಕರ್ಧ ಮನೆಯವರೂ ಊರಿನವರೂ ಮಾಡಬೇಕಾದ ಕೆಲಸಗಳು. ಅವು ಹೇಗೆ ಬಂದವು ಎಂದು ತಿಳಿದರೆ ಆಸ್ಪತ್ರೆಯವರು ಹೇಳುವ ಮಾತುಗಳನ್ನು ಸುಮ್ಮನೆ ಕೇಳಿ ಬಿಡುವ ಬದಲು ಅರ್ಥ ಮಾಡಿಕೊಂಡು ಪಾಲಿಸಬಹುದು. ಅದಕ್ಕಾಗಿ ಈ ಲೇಖನ.

ಮುಟ್ಟಬಾರದ ಅಂಗ

ನೂರಾ ಮೂವತ್ತು ವರ್ಷಗಳ ಹಿಂದೆ ಹೊಟ್ಟೆ ಕೊಯ್ದು ಆಪರೇಷನ್ ಮಾಡುತ್ತಿದ್ದ ದೊಡ್ಡ ದೊಡ್ಡ ಸರ್ಜನರು ಕೂಡಾ ಹೃದಯವನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ನಿಂತೇಹೋಗುತ್ತದೆ ಎಂಬ ನಂಬಿಕೆ. 1896ರ ಸೆಪ್ಟೆಂಬರ್ 9ರಂದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಲುಡ್ವಿಗ್ ರೆನ್ ಎಂಬ ವೈದ್ಯರು ಈ ಗಡಿ ದಾಟಿದರು. ಚೂರಿ ಇರಿತದಿಂದ ಹೃದಯಕ್ಕೆ ಗಾಯವಾದ ಒಬ್ಬ ತೋಟದ ಆಳನ್ನು ಆಸ್ಪತ್ರೆಗೆ ತಂದಿದ್ದರು. ಬಿಟ್ಟರೆ ಸಾಯುವುದು ಖಂಡಿತ. ರೆನ್ ಎದೆ ತೆರೆದು, ಬಡಿಯುತ್ತಿರುವ ಹೃದಯಕ್ಕೇ ರೇಷ್ಮೆ ದಾರದಲ್ಲಿ ಮೂರು ಹೊಲಿಗೆ ಹಾಕಿದರು. ಯುವಕ ಬದುಕಿದ. ಹೃದಯಕ್ಕೆ ಸೂಜಿ ತಾಗಿದರೂ ಅದು ನಿಲ್ಲುವುದಿಲ್ಲ ಎಂದು ಲೋಕಕ್ಕೆ ಗೊತ್ತಾಯಿತು.

ಆದರೆ ಹೊರಗಿನ ಗಾಯ ಹೊಲಿಯುವುದು ಒಂದು, ಹೃದಯದ ಒಳಗೆ ಕೈ ಹಾಕುವುದು ಇನ್ನೊಂದು. ಒಳಗೆ ಸದಾ ರಕ್ತ ತುಂಬಿ ಹರಿಯುತ್ತಿರುತ್ತದೆ. ಅದನ್ನು ನಿಲ್ಲಿಸಿದರೆ ಮೂರು ನಾಲ್ಕು ನಿಮಿಷದಲ್ಲಿ ಮೆದುಳಿಗೆ ಹಾನಿ. ಹಾಗಾಗಿ ಒಳಗಿನ ರಿಪೇರಿಗೆ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು.

ಮಲಗಿದ್ದೇ ಮದ್ದು ಎಂಬ ಕಾಲ

ಆ ಕಾಲದ ಇನ್ನೊಂದು ನಂಬಿಕೆಯನ್ನು ಇಲ್ಲಿ ಹೇಳಬೇಕು. ಹೃದಯದ ಕಾಯಿಲೆ ಬಂದವನಿಗೆ ವಿಶ್ರಾಂತಿಯೇ ಮದ್ದು ಎಂದು ವೈದ್ಯರು ನಂಬಿದ್ದರು. ಹಾರ್ಟ್ ಅಟ್ಯಾಕ್ ಆದವರನ್ನು ನಾಲ್ಕರಿಂದ ಆರು ವಾರ ಮಂಚದಲ್ಲೇ ಮಲಗಿಸುತ್ತಿದ್ದರು. ಮಗ್ಗುಲು ತಿರುಗುವುದಕ್ಕೂ ಊಟ ಬಾಯಿಗೆ ಇಡುವುದಕ್ಕೂ ಇನ್ನೊಬ್ಬರು ಬೇಕು. ಬೇರೆ ದೊಡ್ಡ ಆಪರೇಷನ್ ಆದವರಿಗೂ ಎರಡು ಮೂರು ವಾರ ಹಾಸಿಗೆ ಗತಿ.

1930ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ ಆಗಿ ಎರಡು ವಾರ ಕಳೆದ ಒಬ್ಬ ಹೆಂಗಸಿಗೆ ಏಕಾಏಕಿ ಉಸಿರು ಕಟ್ಟಿತು. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಜಾನ್ ಗಿಬ್ಬನ್ ಎಂಬ ಯುವ ವೈದ್ಯರು ರಾತ್ರಿಯಿಡೀ ಪಕ್ಕದಲ್ಲಿ ಕೂತು ನಾಡಿ, ರಕ್ತದ ಒತ್ತಡ ಬರೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಆಪರೇಷನ್ ಮಾಡಿದರೂ ಆಕೆ ಉಳಿಯಲಿಲ್ಲ. ಆ ರಾತ್ರಿ ಗಿಬ್ಬನ್ನರಿಗೆ ಒಂದು ಯೋಚನೆ ಬಂತು: ಈಕೆಯ ರಕ್ತವನ್ನು ಹೊರಗೆ ತೆಗೆದು, ಅದಕ್ಕೆ ಆಮ್ಲಜನಕ ಸೇರಿಸಿ, ತಿರುಗಿ ಮೈಗೆ ಕಳಿಸುವ ಒಂದು ಯಂತ್ರ ಇದ್ದಿದ್ದರೆ? ಹೆಂಡತಿ ಮೇರಿಯನ್ನು ಜೊತೆಗಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಯಂತ್ರದ ಹಿಂದೆ ಬಿದ್ದರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳ ಹೃದಯದ ಒಳಗಿನ ತೂತನ್ನು ಮುಚ್ಚಿದರು. 26 ನಿಮಿಷ ಅವಳ ಹೃದಯದ, ಶ್ವಾಸಕೋಶದ ಕೆಲಸವನ್ನು ಪೂರ್ತಿ ಯಂತ್ರವೇ ಮಾಡಿತು. ಇವತ್ತು ಮಂಗಳೂರಿನಲ್ಲಾಗಲಿ ತಿರುವನಂತಪುರದಲ್ಲಾಗಲಿ ಥಿಯೇಟರಿನಲ್ಲಿ ಇರುವುದು ಅದರ ಮೊಮ್ಮಗ ಯಂತ್ರ.

ಇದರಲ್ಲಿ ಗಮನಿಸಬೇಕಾದ್ದೊಂದುಂಟು. ಆ ಹೆಂಗಸಿಗೆ ಆದಂಥ ಹೆಪ್ಪು ಹೆಚ್ಚಾಗಿ ಕಾಲಿನ ನರಗಳಲ್ಲಿ ಹುಟ್ಟುತ್ತದೆ. ಅದಕ್ಕೆ ಒಂದು ಮುಖ್ಯ ಕಾರಣ ಅಲುಗಾಡದೆ ಮಲಗುವುದು. ಯಾವುದನ್ನು ಮದ್ದು ಎಂದು ಕೊಡುತ್ತಿದ್ದರೋ ಅದರಲ್ಲೇ ಅಪಾಯವೂ ಇತ್ತು.

ಆಪರೇಷನ್ ಗೆದ್ದರೂ ಸೋತ ಮಗು

ಗಿಬ್ಬನ್ನರ ಯಂತ್ರ ಆಮೇಲಿನ ರೋಗಿಗಳನ್ನು ಉಳಿಸಲಿಲ್ಲ; ಅವರು ಮನನೊಂದು ಕೈಬಿಟ್ಟರು. ಆಗ ಮಿನ್ನೆಸೋಟಾ ವಿಶ್ವವಿದ್ಯಾಲಯದ ವಾಲ್ಟನ್ ಲಿಲ್ಲೆಹೈ ಎಂಬ ಸರ್ಜನರು ಕೇಳಿದರೆ ನಂಬಲಾಗದ ಒಂದು ದಾರಿ ಹಿಡಿದರು. ಯಂತ್ರದ ಬದಲು ಮಗುವಿನ ಅಪ್ಪನನ್ನೋ ಅಮ್ಮನನ್ನೋ ಪಕ್ಕದ ಮೇಜಿನಲ್ಲಿ ಮಲಗಿಸಿ ಇಬ್ಬರ ರಕ್ತನಾಳಗಳನ್ನು ಕೊಳವೆಯಿಂದ ಸೇರಿಸುವುದು. ಮಗುವಿನ ಹೃದಯ ರಿಪೇರಿ ಆಗುವಷ್ಟು ಹೊತ್ತು ಹೆತ್ತವರ ಹೃದಯವೇ ಮಗುವಿಗೂ ದುಡಿಯುವುದು. 1954ರ ಮಾರ್ಚ್ 26ರಂದು ಒಂದು ವರ್ಷ ದಾಟಿದ ಗಂಡು ಮಗುವಿಗೆ ಹೀಗೆ ಆಪರೇಷನ್ ಆಯಿತು. ಹೃದಯದ ತೂತು ಮುಚ್ಚಿತು. ಆದರೆ ಹನ್ನೊಂದು ದಿನದ ಮೇಲೆ ಮಗು ನ್ಯುಮೋನಿಯಾದಿಂದ ತೀರಿಕೊಂಡಿತು.

ಲಿಲ್ಲೆಹೈ ನಿಲ್ಲಿಸಲಿಲ್ಲ. ಈ ರೀತಿ ಒಟ್ಟು 45 ಆಪರೇಷನ್ ಮಾಡಿದರು, 28 ಮಕ್ಕಳು ಬದುಕಿ ಮನೆಗೆ ಹೋದರು. ಆ ಮೊದಲ ಮಗು ಕಲಿಸಿದ ಪಾಠ ಮಾತ್ರ ಇವತ್ತಿಗೂ ಹಳತಾಗಿಲ್ಲ: ಹೃದಯ ಸರಿಯಾದರೆ ಸಾಲದು, ಶ್ವಾಸಕೋಶ ಕೈಕೊಡಬಾರದು. ಎದೆ ಕೊಯ್ದ ನೋವಿಗೆ ರೋಗಿ ಉದ್ದ ಉಸಿರು ಎಳೆಯುವುದಿಲ್ಲ, ಕೆಮ್ಮಲು ಹೆದರುತ್ತಾನೆ. ಕಫ ಒಳಗೇ ಕೂತು ಸೋಂಕು ಹತ್ತುತ್ತದೆ. ಇವತ್ತು ಆಸ್ಪತ್ರೆಯಲ್ಲಿ ಮೂರು ಚೆಂಡು ಇರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಎಳೆಯಿರಿ ಎಳೆಯಿರಿ ಎಂದು ಕಾಟ ಕೊಡುತ್ತಾರಲ್ಲ, ಅದು ಮಕ್ಕಳ ಆಟದ ಸಾಮಾನಿನ ಹಾಗೆ ಕಂಡರೂ ಅದರ ಹಿಂದೆ ಇಂಥ ಸಾವುಗಳ ಲೆಕ್ಕ ಉಂಟು.

ಕುರ್ಚಿ ತಂದ ಬದಲಾವಣೆ

ಮಲಗಿಸುವ ಪದ್ಧತಿಯನ್ನು ಮುರಿದದ್ದು ಮೊದಲಿಗೆ ಯುದ್ಧ. ಎರಡನೇ ಮಹಾಯುದ್ಧದಲ್ಲಿ ಹಾಸಿಗೆಗೂ ನರ್ಸುಗಳಿಗೂ ಅಭಾವ. ಆಪರೇಷನ್ ಆದ ಸೈನಿಕರನ್ನು ಬೇಗ ಎಬ್ಬಿಸಿ ನಡೆಸಬೇಕಾಯಿತು. ಅವರಿಗೆ ತೊಂದರೆ ಆಗುವ ಬದಲು ಬೇಗ ಗುಣವಾಯಿತು.

ಹೃದಯದ ರೋಗಿಗಳ ಪಾಲಿಗೆ ಈ ಮಾತನ್ನು ಧೈರ್ಯದಿಂದ ಹೇಳಿದವರು ಬಾಸ್ಟನ್ನಿನ ಸ್ಯಾಮ್ಯುಯೆಲ್ ಲಿವೈನ್ ಮತ್ತು ಬರ್ನಾರ್ಡ್ ಲೌನ್. 1952ರಲ್ಲಿ ಇವರು ಹಾರ್ಟ್ ಅಟ್ಯಾಕ್ ಆದ 81 ಮಂದಿಯನ್ನು ಮೊದಲ ದಿನಗಳಿಂದಲೇ ಮಂಚದಿಂದ ಇಳಿಸಿ ಒರಗು ಕುರ್ಚಿಯಲ್ಲಿ ಕೂರಿಸಿದ ವಿವರ ಪ್ರಕಟಿಸಿದರು. ಅದೇ ಆಸ್ಪತ್ರೆಯ ಕಿರಿಯ ವೈದ್ಯರು ಮೊದಮೊದಲು ಇದನ್ನು ಒಪ್ಪಲಿಲ್ಲ, ರೋಗಿಗಳನ್ನು ಕೊಲ್ಲುವ ಕೆಲಸ ಎಂದು ಹೆದರಿದರು. ಆದರೆ ಕೂತವರ ಉಸಿರು ಹಗುರಾಯಿತು, ಮುಖದಲ್ಲಿ ಗೆಲುವು ಬಂತು, ನಾವು ಸಾಯುವವರಲ್ಲ ಎಂಬ ಧೈರ್ಯ ಬಂತು. ಒಂದು ಕುರ್ಚಿಯ ಖರ್ಚು ಎಷ್ಟು ಅಂತ ಯೋಚಿಸಿ!

ಇದು ಜನಸಾಮಾನ್ಯರಿಗೆ ಗೊತ್ತಾದದ್ದು 1955ರಲ್ಲಿ. ಆ ಸೆಪ್ಟೆಂಬರ್ 24ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹಾರ್ಟ್ ಅಟ್ಯಾಕ್ ಆಯಿತು. ಅವರನ್ನು ನೋಡಿಕೊಂಡ ಹೃದಯ ತಜ್ಞ ಪಾಲ್ ಡಡ್ಲಿ ವೈಟ್ ಪತ್ರಕರ್ತರನ್ನು ಕರೆದು ಎಲ್ಲವನ್ನೂ ಬಿಡಿಸಿ ಹೇಳಿದರು, ಅಧ್ಯಕ್ಷರಿಗೆ ಮಲವಿಸರ್ಜನೆ ಸರಿಯಾಗಿ ಆಯಿತು ಎಂಬುದನ್ನು ಕೂಡಾ. ಜನ ನಕ್ಕರು. ಆದರೆ ಹೃದಯದ ರೋಗಿ ಮುಕ್ಕಿರಿದು ಆಯಾಸ ಮಾಡಿಕೊಳ್ಳಬಾರದು ಎಂಬುದು ಮನೆಯಲ್ಲಿ ಆರೈಕೆ ಮಾಡಿದವರಿಗೆ ಗೊತ್ತು. ಅಧ್ಯಕ್ಷರನ್ನು ಕ್ರಮವಾಗಿ ಕೂರಿಸಿ, ನಡೆಸಿ, ಕೆಲಸಕ್ಕೆ ಮರಳಿಸಿದರು. ಮರುವರ್ಷ ಅವರು ಚುನಾವಣೆಗೆ ನಿಂತು ಗೆದ್ದರು. ಹೃದಯ ಹೋದವನ ಬಾಳು ಹೋಯಿತು ಎಂಬ ಮಾತಿಗೆ ಲೋಕವೇ ನೋಡುವಂಥ ಉತ್ತರ ಅದು.

ನಮ್ಮ ದೇಶದ ದಾರಿ

ನಮ್ಮಲ್ಲಿ ಹೃದಯ ಕೆಡಲು ಹಿಂದೆ ದೊಡ್ಡ ಕಾರಣ ಸಿಹಿಮೂತ್ರವೂ ಕೊಬ್ಬೂ ಆಗಿರಲಿಲ್ಲ, ಮಕ್ಕಳ ಗಂಟಲು ನೋವು ಆಗಿತ್ತು. ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ನೋವಿಗೆ ಸರಿಯಾದ ಮದ್ದು ಆಗದಿದ್ದರೆ ಕೆಲವು ಮಕ್ಕಳಿಗೆ ಕೆಲವು ವಾರಗಳಲ್ಲಿ ಜ್ವರ, ಗಂಟು ನೋವು ಬರುತ್ತದೆ. ಅದೇ ರುಮ್ಯಾಟಿಕ್ ಜ್ವರ. ಗಂಟು ನೋವು ಬಂದು ಹೋಗುತ್ತದೆ, ಆದರೆ ಹೃದಯದ ಕವಾಟ ದಪ್ಪಗಟ್ಟಿ ಅಂಟಿಕೊಳ್ಳುತ್ತಾ ಹೋಗುತ್ತದೆ. ಇಪ್ಪತ್ತರ ಪ್ರಾಯದಲ್ಲಿ ಗುಡ್ಡ ಹತ್ತುವಾಗ ಏದುಸಿರು. ಹೆಣ್ಣಾದರೆ ಬಸುರಿಯಾದಾಗ ಮೊದಲ ಸಲ ರೋಗ ಬಯಲಾಗುವುದು.

ಇದಕ್ಕೆ 1948ರ ಜೂನಿನಲ್ಲಿ ಅಮೆರಿಕದ ಚಾರ್ಲ್ಸ್ ಬೈಲಿ ಮತ್ತು ಡ್ವೈಟ್ ಹಾರ್ಕನ್, ಕೆಲವೇ ದಿನಗಳ ಅಂತರದಲ್ಲಿ, ಬಡಿಯುವ ಹೃದಯದೊಳಕ್ಕೆ ಬೆರಳು ತೂರಿಸಿ ಅಂಟಿದ ಕವಾಟ ಬಿಡಿಸುವ ಆಪರೇಷನ್ ಮಾಡಿ ತೋರಿಸಿದರು. ಬೈಲಿ ಅವರು ವಾರದೊಳಗೆ ಆ ರೋಗಿಯನ್ನು ರೈಲಿನಲ್ಲಿ ಷಿಕಾಗೋಗೆ ಕರೆದೊಯ್ದು ವೈದ್ಯರ ಸಭೆಯ ಮುಂದೆ ನಿಲ್ಲಿಸಿದರಂತೆ. ಯಂತ್ರ ಬೇಡದ ಈ ಆಪರೇಷನ್ ನಮ್ಮಂಥ ಬಡ ದೇಶಕ್ಕೆ ವರವಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ರೀವ್ ಬೆಟ್ಸ್ 1950ರ ಸುಮಾರಿಗೆ ಎದೆಯ ಶಸ್ತ್ರಚಿಕಿತ್ಸೆಯ ವಿಭಾಗ ಕಟ್ಟಿದರು. ಅಲ್ಲೇ 1962ರಲ್ಲಿ ಡಾ. ಎನ್. ಗೋಪಿನಾಥ್ ಅವರ ತಂಡ ಯಂತ್ರದ ನೆರವಿನಿಂದ ಹೃದಯ ತೆರೆದು ಆಪರೇಷನ್ ಮಾಡಿತು. ಬೊಂಬಾಯಿಯಲ್ಲೂ ಅದೇ ಹೊತ್ತಿಗೆ ಈ ಕೆಲಸ ಶುರುವಾಗಿತ್ತು. ಕಟ್ಟಿದ ರಕ್ತನಾಳಕ್ಕೆ ಕಾಲಿನ ನರದಿಂದ ಬದಲಿ ದಾರಿ ಹಾಕುವ ಬೈಪಾಸ್, 1967ರಲ್ಲಿ ಅರ್ಜೆಂಟೀನಾದ ರೆನೆ ಫವಲೋರೋ ಅಮೆರಿಕದಲ್ಲಿ ರೂಢಿಗೆ ತಂದದ್ದು, 1975ರಲ್ಲಿ ಮದ್ರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಅವರ ಕೈಯಿಂದ ನಮ್ಮ ದೇಶಕ್ಕೆ ಬಂತು. ಕಾಸರಗೋಡಿನವರಿಗೆ ಇವೆಲ್ಲ ದೂರದ ಹೆಸರುಗಳಲ್ಲ. ಮದ್ರಾಸ್ ಮೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದರೆ ವೆಲ್ಲೂರು, ಕೊನೆಯವರೆಗೆ ಹೋದರೆ ಮದ್ರಾಸು.

ಇನ್ನೊಂದು ದಿಕ್ಕಿಗೆ ಹೋಗುವ ರೈಲಿನ ಕೊನೆಯಲ್ಲಿ ತಿರುವನಂತಪುರ. ಅಲ್ಲಿ ತಿರುವಾಂಕೂರು ರಾಜಮನೆತನ ಕೊಟ್ಟ ಕಟ್ಟಡದಲ್ಲಿ ಶುರುವಾದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು ಬೆಳೆಸಿದವರು ಡಾ. ಎಂ.ಎಸ್. ವಲಿಯತ್ತಾನ್. ಬಿಡಿಸಿದರೂ ಸರಿಯಾಗದ ಕವಾಟವನ್ನು ತೆಗೆದು ಕೃತಕ ಕವಾಟ ಹಾಕುವುದು 1960ರಿಂದ ಹೊರದೇಶಗಳಲ್ಲಿ ಬಂದಿತ್ತು. ಆದರೆ ಹೊರಗಿನಿಂದ ತರಿಸುವ ಕವಾಟದ ಬೆಲೆ ಬಡವರ ಕೈಗೆ ಎಟುಕುವಂಥದ್ದಲ್ಲ. ಕಾಯಿಲೆಯೋ ಬಡವರ ಮಕ್ಕಳದ್ದೇ. ವಲಿಯತ್ತಾನರೂ ಅವರ ಜೊತೆಗಿದ್ದ ಎಂಜಿನಿಯರುಗಳೂ ಇಲ್ಲಿಯೇ ಕವಾಟ ಮಾಡಲು ಹೊರಟರು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ವರ್ಷಕ್ಕೆ ಮೂರೂವರೆ ಕೋಟಿ ಮೀರುತ್ತದೆ. ಅಷ್ಟು ಸಲ ತೆರೆದು ಮುಚ್ಚಿದರೂ ಸವೆಯದ ವಸ್ತು ಬೇಕು. ಮೂರು ಮಾದರಿಗಳು ಒಂದಾದ ಮೇಲೊಂದು ಸೋತವು. ನಾಲ್ಕನೆಯದು ಕುರಿಗಳ ಹೃದಯದಲ್ಲಿ ಪರೀಕ್ಷೆ ಮುಗಿಸಿ 1990ರ ಡಿಸೆಂಬರಿನಲ್ಲಿ ಮನುಷ್ಯನ ಹೃದಯ ಸೇರಿತು. ಲೋಹದ ಚೌಕಟ್ಟಿನೊಳಗೆ ವಾಲಿ ನಿಲ್ಲುವ ಒಂದು ಪ್ಲಾಸ್ಟಿಕ್ ಬಿಲ್ಲೆ, ಅಷ್ಟೆ. ಆಮೇಲೆ ಹತ್ತಾರು ಸಾವಿರ ಮಂದಿಗೆ ಈ ಚಿತ್ರಾ ಕವಾಟ ಹಾಕಿದ್ದಾರೆ. ರಕ್ತ ತುಂಬಿಡುವ ಪ್ಲಾಸ್ಟಿಕ್ ಚೀಲವನ್ನು ನಮ್ಮಲ್ಲೇ ತಯಾರಿಸುವ ತಂತ್ರವನ್ನೂ ಇದೇ ಸಂಸ್ಥೆ ರೂಪಿಸಿತು. ವಲಿಯತ್ತಾನರು ಮುಂದೆ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, ಚರಕ ಸುಶ್ರುತರ ಬಗ್ಗೆ ಪುಸ್ತಕ ಬರೆದರು, 2024ರಲ್ಲಿ ಅಲ್ಲೇ ತೀರಿಕೊಂಡರು.

ಹೋಗುವ ಮೊದಲು

ಈಗ ಚರಿತ್ರೆಯಿಂದ ನಮ್ಮ ಜಗಲಿಗೆ ಬರೋಣ. ಆಪರೇಷನ್ನಿನ ದಿನ ನಿಶ್ಚಯವಾದ ಮೇಲೆ ಆಸ್ಪತ್ರೆಯವರು ಹೇಳುವ ಪ್ರತಿ ಮಾತಿಗೂ ಹಿಂದೆ ಒಂದು ಕತೆ ಉಂಟು.

ಹೃದಯಕ್ಕೆ ಆಪರೇಷನ್, ಹಲ್ಲಿನ ಡಾಕ್ಟರ ಹತ್ತಿರ ಯಾಕೆ ಕಳಿಸುತ್ತಾರೆ ಅಂತ ಹಲವರು ಕೇಳ್ತಾರೆ. ಹುಳುಕು ಹಲ್ಲು, ಕೀವು ತುಂಬಿದ ಒಸಡಿನಿಂದ ರೋಗಾಣು ರಕ್ತಕ್ಕೆ ಇಳಿದು ಹೊಸ ಕವಾಟದಲ್ಲಿ ಮನೆ ಮಾಡುತ್ತದೆ. ಕಷ್ಟಪಟ್ಟು ಹಾಕಿದ ಕವಾಟವನ್ನು ಅದು ಕೆಡಿಸಿಬಿಡಬಹುದು. ಹಾಗಾಗಿ ಹಲ್ಲಿನ ಕೆಲಸ ಮೊದಲೇ ಮುಗಿಯಬೇಕು. ಕವಾಟ ಹಾಕಿಸಿಕೊಂಡವರು ಆಮೇಲೆ ಹಲ್ಲು ಕೀಳಿಸುವಾಗಲೂ ಕವಾಟದ ವಿಷಯ ಹೇಳಲೇಬೇಕು, ಅದಕ್ಕೆ ಮುಂಚಿತವಾಗಿ ಮದ್ದು ಕೊಡುತ್ತಾರೆ.

ಬೀಡಿ ಸಿಗರೇಟು ನಿಲ್ಲಿಸುವುದು ಆಪರೇಷನ್ನಿನ ಹಿಂದಿನ ದಿನ ಅಲ್ಲ, ವಾರಗಳ ಮೊದಲು. ಹೊಗೆಸೊಪ್ಪು ಹಾಕಿದ ವೀಳ್ಯಕ್ಕೂ ಅದೇ ಮಾತು. ಉದ್ದ ಉಸಿರು ಎಳೆಯುವ ಅಭ್ಯಾಸ ಮನೆಯಲ್ಲೇ ಶುರು ಮಾಡಿದರೆ ಆಮೇಲೆ ನೋವಿನ ನಡುವೆ ಹೊಸದಾಗಿ ಕಲಿಯಬೇಕಾಗಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತರಬೇಕು, ಇಲ್ಲದಿದ್ದರೆ ಗಾಯ ಕೂಡುವುದು ತಡ.

ಶುಚಿಯಾಗಿ ಹೋಗಬೇಕು ಅಂತ ಕೆಲವರು ಮನೆಯಲ್ಲೇ ಬ್ಲೇಡಿನಿಂದ ಎದೆಯ ಕೂದಲು ತೆಗೆದುಕೊಂಡು ಹೋಗುವುದುಂಟು. ಹಿಂದೆ ಆಸ್ಪತ್ರೆಯಲ್ಲೂ ಹಾಗೆಯೇ ಮಾಡುತ್ತಿದ್ದರು. 1970ರ ದಶಕದಲ್ಲಿ ಲೆಕ್ಕ ಇಟ್ಟು ನೋಡಿದಾಗ ಬ್ಲೇಡು ತಾಗಿದವರ ಗಾಯದಲ್ಲೇ ಕೀವು ಹೆಚ್ಚು ಎಂದು ಕಂಡಿತು. ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣು ಕೂರುತ್ತದೆ. ಈಗ ಮೆಷಿನ್ನಿನಿಂದ ಕತ್ತರಿಸುತ್ತಾರೆ. ಆ ಕೆಲಸ ಅವರಿಗೇ ಬಿಡಿ.

ರಕ್ತದ ಮಾತು. 1950ರ ದಶಕದಲ್ಲಿ ಯಂತ್ರ ನಡೆಯಬೇಕಾದರೆ ಅದರೊಳಗೆ ಮೊದಲು ರಕ್ತ ತುಂಬಬೇಕಿತ್ತು. ಒಬ್ಬ ರೋಗಿಗೆ ದಾನಿಗಳ ಒಂದು ಗುಂಪೇ ಬೇಕು. 1960ರ ದಶಕದಲ್ಲಿ ಬೇರೆ ದ್ರಾವಣ ತುಂಬುವ ಉಪಾಯ ಬಂದು ಆ ಪ್ರಮಾಣ ಕಡಿಮೆಯಾಯಿತು. ಆದರೂ ಇವತ್ತಿಗೂ ಆಸ್ಪತ್ರೆಯವರು ದಾನಿಗಳನ್ನು ಕರೆತನ್ನಿ ಅಂತ ಹೇಳುವುದುಂಟು. ಆಗ ಗೊತ್ತಾಗುವುದು ಊರಿನ ಬೆಲೆ.

ನಮಗೆ ಮಾತ್ರ ಇರುವ ಒಂದು ಸಿದ್ಧತೆ ಭಾಷೆಯದ್ದು. 1956ರ ನವೆಂಬರ್ 1ರಿಂದ ನಾವು ಕೇರಳದವರು. ಮನೆಯ ಮಾತು ಕನ್ನಡವೋ ತುಳುವೋ, ಕೆಲವರದ್ದು ಕೊಂಕಣಿ, ಮರಾಟಿ. ತೆಂಕಲಾಗಿ ಹೋದರೆ ನರ್ಸುಗಳ ಮಾತು ಮಲಯಾಳ, ಕಾಗದ ಇಂಗ್ಲಿಷು. ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವಾಗ ಅದರಲ್ಲಿ ಏನುಂಟು ಎಂದು ಗೊತ್ತಿಲ್ಲದೆ ಹಾಕುವ ಹಿರಿಯರು ಬಹಳ. ಜೊತೆಗೆ ಹೋಗುವವರಲ್ಲಿ ಒಬ್ಬರಾದರೂ ಎರಡು ಭಾಷೆ ಬಲ್ಲವರು ಇರಬೇಕು. ಈಗ ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಆಗದ ಮದ್ದುಗಳು, ಹಿಂದೆ ಆದ ಕಾಯಿಲೆಗಳು, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು. ಕಷಾಯ, ನಾಟಿ ಮದ್ದು ಕುಡಿಯುತ್ತಿದ್ದರೆ ಅದನ್ನೂ ಮುಚ್ಚಿಡಬಾರದು.

ಬಂದ ಮೇಲೆ

ಆಪರೇಷನ್ ಆದ ಮೊದಲ ಎರಡು ಮೂರು ದಿನ ಕೆಲವರು, ಅದರಲ್ಲೂ ಪ್ರಾಯದವರು, ಐಸಿಯುವಿನಲ್ಲಿ ಸಂಬಂಧವಿಲ್ಲದ ಮಾತಾಡುವುದುಂಟು. ಮಕ್ಕಳ ಗುರುತು ಹಿಡಿಯುವುದಿಲ್ಲ, ಇಲ್ಲದ್ದನ್ನು ಕಂಡೆ ಅನ್ನುತ್ತಾರೆ. ಮನೆಯವರು ಹೆದರಿ ಏನೋ ಸೋಕಿದೆ ಅಂದುಕೊಳ್ಳುತ್ತಾರೆ. ಇದು ವೈದ್ಯರಿಗೆ ಗೊತ್ತಿರುವ ಸಂಗತಿ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಹತ್ತಿರದವರ ಪರಿಚಿತ ದನಿ, ಸ್ವಂತ ಕನ್ನಡಕ, ಹಗಲು ರಾತ್ರಿಯ ಗುರುತು ಸಿಕ್ಕಿದರೆ ಬೇಗ ಸರಿಯಾಗುತ್ತದೆ.

ಎದೆಯ ನಡುವಿನ ಎಲುಬನ್ನು ಉದ್ದಕ್ಕೆ ಸೀಳಿ, ಆಮೇಲೆ ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಚರ್ಮ ಎರಡು ವಾರದಲ್ಲಿ ಕೂಡಿದ ಹಾಗೆ ಕಂಡರೂ ಒಳಗಿನ ಎಲುಬು ಗಟ್ಟಿಯಾಗಲು ಆರರಿಂದ ಹನ್ನೆರಡು ವಾರ ಬೇಕು. ಆವರೆಗೆ ನೀರು ತುಂಬಿದ ಕೊಡಪಾನ, ತೆಂಗಿನಕಾಯಿಯ ಗೋಣಿ, ಮೊಮ್ಮಗು, ಯಾವುದನ್ನೂ ಎತ್ತಬಾರದು. ಬಾವಿಯಿಂದ ನೀರು ಸೇದುವುದು, ಹುಲ್ಲು ಕೊಯ್ಯುವುದು, ಸ್ಕೂಟರು ಬಿಡುವುದು ಡಾಕ್ಟರು ಹೇಳಿದ ಮೇಲೆ. ಕೆಮ್ಮು ಬಂದರೆ ತಲೆದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಬೇಕು, ನುಂಗಿಕೊಳ್ಳಬಾರದು.

ಎತ್ತಬಾರದು ಅಂದರೆ ಅಲ್ಲಾಡಬಾರದು ಎಂದು ಅರ್ಥವಲ್ಲ. ನಮ್ಮ ಮನೆಗಳಲ್ಲಿ ಹೆಚ್ಚು ತಪ್ಪುವುದು ಇಲ್ಲಿಯೇ. ಪ್ರೀತಿಯಿಂದಲೇ ರೋಗಿಯನ್ನು ಕೂರಿಸಿಬಿಡುತ್ತೇವೆ. ಏಳಬೇಡಿ ಅಪ್ಪಯ್ಯ, ನಾನು ತಂದು ಕೊಡ್ತೇನೆ. ಕೂತುಕೊಳ್ಳಿ ಅಮ್ಮ, ನಡೆಯುವುದು ಬೇಡ. ಬಾಸ್ಟನ್ನಿನ ಕುರ್ಚಿಯ ಕತೆ ಹೇಳಿದ್ದು ಇದಕ್ಕೇ. ಮೊದಲು ಮನೆಯೊಳಗೆ, ಆಮೇಲೆ ಅಂಗಳದಲ್ಲಿ, ಆಮೇಲೆ ಸಮತಟ್ಟಾದ ದಾರಿಯಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ನಡೆಯಬೇಕು. ಮಾತಾಡುತ್ತಾ ನಡೆಯಲು ಆಗುವಷ್ಟು ವೇಗ ಸಾಕು. ನಮ್ಮಲ್ಲಿ ಗುಡ್ಡದ ಮೇಲೊಂದು ಮನೆ, ಕೆಳಗೆ ಕಣಿಯಲ್ಲಿ ತೋಟ; ಏರು ಹತ್ತುವುದನ್ನು ಮಾತ್ರ ಕಡೆಗೆ ಇಟ್ಟುಕೊಳ್ಳಬೇಕು. ಮಲಗಿದ ಮನುಷ್ಯನ ಮನಸ್ಸೂ ಮಲಗುತ್ತದೆ. ಆಪರೇಷನ್ ಆದ ಮೇಲೆ ಕಾರಣವಿಲ್ಲದೆ ಅಳು ಬರುವುದು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಬಹಳ ಮಂದಿಗೆ ಆಗುತ್ತದೆ. ವಾರಗಟ್ಟಲೆ ಹಾಗೇ ಇದ್ದರೆ ಡಾಕ್ಟರಿಗೆ ಹೇಳಬೇಕು, ಅದಕ್ಕೂ ಮದ್ದು ಉಂಟು.

ಇಲಿಪಾಷಾಣದಿಂದ ಬಂದ ಮಾತ್ರೆ

ಲೋಹದ ಚೌಕಟ್ಟಿನ ಕವಾಟ ಹಾಕಿಸಿಕೊಂಡವರು ಬದುಕಿರುವಷ್ಟು ಕಾಲ ರಕ್ತ ಹೆಪ್ಪುಗಟ್ಟದ ಮಾತ್ರೆ ತಿನ್ನಬೇಕು. ಈ ಮಾತ್ರೆ ಬಂದ ದಾರಿ ಕೃಷಿಕರಾದ ನಾವು ಕೇಳಬೇಕಾದ್ದು. 1933ರ ಚಳಿಗಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ಒಬ್ಬ ರೈತ ಸತ್ತ ಕಡಸನ್ನೂ ಹೆಪ್ಪುಗಟ್ಟದ ಒಂದು ಪಾತ್ರೆ ರಕ್ತವನ್ನೂ ಹಾಳಾದ ಒಣಹುಲ್ಲನ್ನೂ ಗಾಡಿಯಲ್ಲಿ ಹೇರಿಕೊಂಡು ಹಿಮದ ನಡುವೆ ವಿಶ್ವವಿದ್ಯಾಲಯಕ್ಕೆ ಬಂದ. ಅವನ ದನಗಳು ರಕ್ತ ಹರಿದು ಹರಿದು ಸಾಯುತ್ತಿದ್ದವು. ಅಲ್ಲಿನ ರಸಾಯನಶಾಸ್ತ್ರಜ್ಞ ಕಾರ್ಲ್ ಲಿಂಕ್ ವರ್ಷಗಟ್ಟಲೆ ದುಡಿದು ಬೂಷ್ಟು ಹಿಡಿದ ಆ ಹುಲ್ಲಿನಿಂದ ಹೆಪ್ಪು ತಡೆಯುವ ವಸ್ತುವನ್ನು ಬೇರ್ಪಡಿಸಿದರು. ಅದರ ಬಂಧುವಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಪೇಟೆಗೆ ಬಂತು. 1954ರಿಂದ ಮನುಷ್ಯರಿಗೆ ಮದ್ದಾಯಿತು. ಮರುವರ್ಷ ಐಸೆನ್‌ಹೋವರ್ ಅವರಿಗೂ ಅದನ್ನೇ ಕೊಟ್ಟರು.

ಹೆಚ್ಚಾದರೆ ಇಲಿಗೆ ಆದದ್ದೇ ನಮಗೂ: ಒಸಡು, ಮೂಗು, ಮೂತ್ರದಲ್ಲಿ ರಕ್ತ, ಮೈಮೇಲೆ ನೀಲಿ ಕಲೆ. ಕಡಿಮೆಯಾದರೆ ಕವಾಟದಲ್ಲಿ ಹೆಪ್ಪು ಕೂತು ಕವಾಟ ನಿಲ್ಲಬಹುದು, ಹೆಪ್ಪು ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ನಡುವಿನ ಹದ ತಿಳಿಯಲು ಐಎನ್‌ಆರ್ ಎಂಬ ರಕ್ತಪರೀಕ್ಷೆ. ಗುಣವಾಯಿತಲ್ಲ, ಇನ್ನು ಯಾಕೆ ಅಂತ ಮಾತ್ರೆ ಬಿಡುವವರಿದ್ದಾರೆ. ಆಪರೇಷನ್ನಿಗೆ ಜಾಗ ಮಾರಿ ದುಡ್ಡು ಹೊಂದಿಸಿದವರೂ ಪರೀಕ್ಷೆಗೆ ಬಸ್ಸಿನ ಖರ್ಚು ನೋಡುತ್ತಾರೆ. ಕವಾಟ ಹಾಕಿದ ಕೈಯ ಕೆಲಸ ಮುಗಿದಿದೆ, ಕವಾಟವನ್ನು ಕಾಯುವ ಕೆಲಸ ಮನೆಯದ್ದು.

ಬಸಳೆ, ಹರಿವೆ, ನುಗ್ಗೆಸೊಪ್ಪು ಈ ಮಾತ್ರೆಯ ಬಲ ಕಡಿಮೆ ಮಾಡುತ್ತವೆ ಎಂದು ಕೇಳಿ ಸೊಪ್ಪನ್ನೇ ಬಿಡುವವರುಂಟು. ಬಿಡಬೇಕಾಗಿಲ್ಲ. ವಾರಕ್ಕೆ ಇಷ್ಟು ಅಂತ ಒಂದೇ ಹದದಲ್ಲಿ ತಿಂದರೆ ಡಾಕ್ಟರು ಅದಕ್ಕೆ ಹೊಂದುವಂತೆ ಮಾತ್ರೆ ಕೊಡುತ್ತಾರೆ. ಮಳೆಗಾಲದಲ್ಲಿ ದಿನಾ ಬಸಳೆ, ಬೇಸಗೆಯಲ್ಲಿ ಏನೂ ಇಲ್ಲ ಅಂದರೆ ಲೆಕ್ಕ ತಪ್ಪುತ್ತದೆ. ಸೊಂಟ ನೋವಿಗೆ ಅಂಗಡಿಯಿಂದ ಕೇಳಿ ತರುವ ಮಾತ್ರೆ ಈ ಮಾತ್ರೆಯ ಜೊತೆ ಸೇರಿದರೆ ರಕ್ತ ಹರಿಯುವ ಅಪಾಯ. ಈ ಮಾತ್ರೆ ತಿನ್ನುವ ಹೆಣ್ಣುಮಕ್ಕಳು ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ತಿಳಿಸಬೇಕು. ಬೈಪಾಸ್ ಆದವರ ಮಾತ್ರೆ ಬೇರೆ, ಅವರಿಗೆ ಸಾಮಾನ್ಯವಾಗಿ ಆಸ್ಪಿರಿನ್ ಇರುತ್ತದೆ. ಒಬ್ಬರ ಚೀಟಿ ಇನ್ನೊಬ್ಬರಿಗೆ ಹೊಂದುವುದಿಲ್ಲ.

ದಾರಿಯೂ ಚಿಕಿತ್ಸೆಯೇ

ಮನೆಗೆ ಬಂದ ಮೇಲೆ ಜ್ವರ, ಗಾಯದಲ್ಲಿ ಕೀವು, ಎಲುಬು ಕಟಕಟ ಅನ್ನುವುದು, ಏದುಸಿರು, ಎರಡೇ ದಿನದಲ್ಲಿ ಎರಡು ಕಿಲೋ ತೂಕ ಏರಿ ಕಾಲು ಬೀಗುವುದು, ಬಾಯಿ ಸೊಟ್ಟಗಾಗುವುದು, ಇವುಗಳಲ್ಲಿ ಯಾವುದೇ ಕಂಡರೂ ನಾಳೆ ನೋಡುವ ಅನ್ನಬಾರದು. ಆದರೆ ಹೋಗುವುದು ಎಲ್ಲಿಗೆ? ತಲಪಾಡಿ ದಾಟಿದರೆ ಮಂಗಳೂರು, ನಮಗೆ ತಲೆಮಾರುಗಳಿಂದ ಅದೇ ಆಸ್ಪತ್ರೆಯ ಊರು. 2020ರ ಮಾರ್ಚಿನಲ್ಲಿ ಕೊರೋನಾ ಕಾಲದಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಅಲ್ಲಿಗೆ ಹೋಗಬೇಕಿದ್ದ ಹಲವು ರೋಗಿಗಳು ದಾರಿಯಿಲ್ಲದೆ ತೀರಿಹೋದರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಗಡಿ ಎಂಬುದು ನಕ್ಷೆಯ ಗೆರೆ ಮಾತ್ರ ಅಲ್ಲ ಅಂತ ಆಗ ಎಲ್ಲರಿಗೂ ತಿಳಿಯಿತು. ಹಾಗಾಗಿ ಎರಡೂ ಕಡೆಯ ದಾರಿ ಗೊತ್ತಿರಬೇಕು. ಆಪರೇಷನ್ನಿನ ಕಾಗದಗಳ ಪ್ರತಿ ಮನೆಯಲ್ಲಿ ಒಂದು, ಹತ್ತಿರದ ಡಾಕ್ಟರರಲ್ಲಿ ಒಂದು ಇರಲಿ. ಯಾವ ಕವಾಟ, ಯಾವ ಮಾತ್ರೆ ಎಂಬುದು ಅದರಲ್ಲಿ ಇರುತ್ತದೆ.

ನಮ್ಮ ವಾಚನಾಲಯಗಳು ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಊರಿನವರ ರಕ್ತದ ಗುಂಪು ಬರೆದಿಟ್ಟ ಒಂದು ಪುಸ್ತಕ. ರಾತ್ರಿ ಹೊತ್ತು ಕರೆದರೆ ಬರುವ ಎರಡು ಗಾಡಿಯವರ ನಂಬರು. ಇಂಗ್ಲಿಷಿನ ಡಿಸ್ಚಾರ್ಜ್ ಕಾಗದವನ್ನು ಓದಿ, ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡುವ ಒಬ್ಬ ಮಾಸ್ಟ್ರು ಅಥವಾ ಟೀಚರು, ಸಂಶಯ ಬಂದರೆ ಆಸ್ಪತ್ರೆಗೆ ಫೋನು ಮಾಡಿ ಕೇಳುವವರು. ಶಾಲೆಯಲ್ಲಿ ಮಗುವಿಗೆ ಗಂಟಲು ನೋವು ಜ್ವರ ಕಂಡರೆ, ಆಮೇಲೆ ಗಂಟು ಬೀಗಿದರೆ, ಸುಮ್ಮನಿರದೆ ಮನೆಯವರಿಗೆ ಹೇಳಿ ಡಾಕ್ಟರರಲ್ಲಿಗೆ ಕಳಿಸುವುದೂ ಅವರ ಕೈಯಲ್ಲೇ ಉಂಟು. ಸಮಯಕ್ಕೆ ಕೊಟ್ಟ ಪೆನ್ಸಿಲಿನ್ನಿನಿಂದ, ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ವರ್ಷಗಟ್ಟಲೆ ಕೊಡುವ ಇಂಜೆಕ್ಷನ್ನಿನಿಂದ, ಮುಂದೊಂದು ದಿನ ಆಗಬೇಕಾದ ಆಪರೇಷನ್ನೇ ತಪ್ಪಬಹುದು. ಆ ಇಂಜೆಕ್ಷನ್ನಿನ ತಾರೀಕನ್ನು ನೆನಪಿಸುವುದಕ್ಕೆ ಸರ್ಜನರು ಬೇಕಾಗಿಲ್ಲ, ವಾಚನಾಲಯದ ಗೋಡೆಯ ಕ್ಯಾಲೆಂಡರು ಸಾಕು.